ಅತ್ತೆಯ ಎಡಗೊರಳಿನ ಗಂಟು

ನಮ್ಮ ಅತ್ತೆಯ ಜೀವ ತೆಗೆದದ್ದು ಹೊಟ್ಟೆಯ ಕ್ಯಾನ್ಸರು. ಅದು ಹೊಟ್ಟೆಯಲ್ಲಿ ಹುಟ್ಟಿ, ಯಾರಿಗೂ ಗೊತ್ತಾಗದ ಹಾಗೆ ಮೇಲೆ ಹತ್ತಿ, ಎಡಗೊರಳಿನ ಬುಡದಲ್ಲಿ ಗಂಟಾಗಿ ಕೂತಿತು. ನಾನು ಹೊಸೆದುಕೊಟ್ಟ ಶಿವದಾರಕ್ಕೂ ಆ ಗಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಸೊಸೆ ಎಡಗೈಯಲ್ಲಿ ದಾರ ಹೊಸೆದದ್ದಕ್ಕೆ ಅತ್ತೆ ಸತ್ತಳು ಅನ್ನುವವರು ನಮ್ಮ ಬಳಗದಲ್ಲಿ ಇವತ್ತಿಗೂ ಇದ್ದಾರೆ. ಅವರು ಅನ್ನಲಿ. ನಾನು ಕಲಿತದ್ದು ಮೂರನೆಯ ಇಯತ್ತೆ, ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯುವುದಕ್ಕೆ ಅಷ್ಟು ಸಾಲಿ ಸಾಕು.

ನಾವು ಲಿಂಗ ಕಟ್ಟಿಕೊಳ್ಳುವ ಮಂದಿ. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕರಡಿಗೆಯನ್ನು ನೂಲಿನ ದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತೇವೆ. ಆ ದಾರಕ್ಕೆ ಶಿವದಾರ ಅನ್ನುವುದು. ಬೈಲಹೊಂಗಲದ ನನ್ನ ಗಂಡನ ಮನೆಯಲ್ಲಿ ಒಂದು ರೂಢಿ ಇತ್ತು. ಮನೆಗೆ ಬಂದ ಸೊಸೆ ಮೊದಲನೆಯ ಶ್ರಾವಣದಲ್ಲಿ ಅತ್ತೆಗೆ ತನ್ನ ಕೈಯಾರೆ ಶಿವದಾರ ಹೊಸೆದುಕೊಡಬೇಕು. ನನ್ನ ತವರು ಮನೋಳಿ. ನಮ್ಮ ಅವ್ವ ಹಗ್ಗದಿಂದ ಹಿಡಿದು ಲಾಡಿಯವರೆಗೆ ಎಲ್ಲ ಹೊಸೆಯುವುದನ್ನು ಕಲಿಸಿದ್ದಳು. ಆದರೆ ನಾನು ಎಡಚಿ. ಎಲ್ಲರೂ ಬಲದೊಡೆಯ ಮೇಲೆ ಬಲಗೈಯಿಂದ ನೂಲು ಹೊಸೆದರೆ ನಾನು ಎಡದೊಡೆಯ ಮೇಲೆ ಎಡಗೈಯಿಂದ ಹೊಸೆಯುತ್ತಿದ್ದೆ. ಎಡಗೈ ತೋರಿಸಬೇಡ ಎಂದು ಅವ್ವ ಹೇಳಿ ಕಳಿಸಿದ್ದಳು. ಒಳಗೆ ಕಾಳಿನ ಕೋಣೆಯಲ್ಲಿ ಕೂತು ಹೊಸೆದು, ಗಂಟು ಹಾಕಿ, ಅತ್ತೆಯ ಕೈಗೆ ಕೊಟ್ಟೆ. ಅವರು ಎಳೆದು ನೋಡಿದರು.

"ಎತ್ತ ಕಟ್ಟಿದರೂ ಹರಿಯೂದಿಲ್ಲ ಬಿಡು," ಎಂದರು. ನನಗೆ ಅವರು ಕೊಟ್ಟ ಮೊದಲನೆಯ ಹೊಗಳಿಕೆ ಅದು. ಎರಡನೆಯದಕ್ಕೆ ಬಹಳ ದಿನ ಕಾಯಬೇಕಾಯಿತು.

ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆ, ಹೊಲ, ಆಳುಕಾಳು ಎಲ್ಲ ಅತ್ತೆಯ ಕೈಯಲ್ಲಿ. ನನ್ನ ಗಂಡ ಒಬ್ಬನೇ ಮಗ, ಹತ್ತಿ ಪೇಟೆಯಲ್ಲಿ ದಲಾಲರ ಅಂಗಡಿಗೆ ಹೋಗುತ್ತಿದ್ದರು. ಮೆತ್ತನೆಯ ಮನುಷ್ಯ. ಇಬ್ಬರು ಹೆಂಗಸರು ಮಾತಿಗೆ ನಿಂತರೆ ರುಮಾಲು ಸುತ್ತಿಕೊಂಡು ಹೊರಗೆ ಹೋಗಿಬಿಡುವ ಜಾತಿ. ಅವರ ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಆಕೆ ನಾಗರ ಪಂಚಮಿಗೆ ತವರಿಗೆ ಬಂದರೆಂದರೆ ಮನೆಯ ಬೆಕ್ಕು ಕೂಡ ದಾರಿ ಬಿಡುತ್ತಿತ್ತು.

ಎರಡನೆಯ ಶ್ರಾವಣ. ಪಂಚಮಿಗೆ ಬಂದ ನಾದಿನಿ ಅತ್ತೆಗೆ ಎಣ್ಣೆ ಹಚ್ಚಿ ಎರೆಯಲು ಕೂತರು. ನಾನು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದೆ. ಬಚ್ಚಲಿಂದ ಒಮ್ಮೆಲೇ ಕೂಗು ಬಂತು.

"ಯವ್ವಾ, ಇದೇನ ಬೇ ಕೊರಳಾಗ!"

"ಕೊರಳಾಗ ಲಿಂಗ ಐತಿ. ನೀರ ಹಾಕು."

"ಲಿಂಗ ಅಲ್ಲ ಬೇ, ಗಂಟು! ಗಜ್ಜುಗದಂಗ ಐತಿ, ಹಿಡದ್ರ ಅಳ್ಳಾಡೂದೂ ಇಲ್ಲ."

ಹೌದು, ಇತ್ತು. ಎಡಗಡೆ, ಕೊರಳಿನ ಎಲುಬಿನ ಮೇಲಿನ ಗುಣಿಯಲ್ಲಿ, ಸರಿಯಾಗಿ ಶಿವದಾರ ಹಾಯುವ ಜಾಗದಲ್ಲಿ. ನೋವಿಲ್ಲ, ಕೀವಿಲ್ಲ, ಬಣ್ಣ ಬದಲಿಲ್ಲ. ಅತ್ತೆಗೆ ಅದು ಇರುವುದು ಮೊದಲೇ ಗೊತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ದಾರ ಬಿಗಿಯಾಗಿ ಒತ್ತಿ ಗಂಟಾಗಿದೆ ಎಂದು ನಾದಿನಿ ಅಲ್ಲೇ ತೀರ್ಮಾನ ಮಾಡಿದರು. ಬೆಳ್ಳಿಯ ಕರಡಿಗೆ ಬೇರೆ ಭಾರದ್ದು. ದಾರದ ಹುರಿ ಸ್ವಲ್ಪ ಸಡಿಲು ಮಾಡೋಣವೆಂದು ಪಡಸಾಲೆಯಲ್ಲಿ ಅತ್ತೆಯ ಹಿಂದೆ ಕೂತು, ದಾರವನ್ನು ಬೆರಳಲ್ಲಿ ಹಿಡಿದು ತಿರುವಿದರು. ಎಲ್ಲ ದಾರವನ್ನೂ ಬಿಚ್ಚಲು ಹೇಗೆ ತಿರುವುತ್ತಾರೋ ಹಾಗೆ. ದಾರ ಸಡಿಲಾಗುವ ಬದಲು ಬಿಗಿಯಾಯಿತು. ಮತ್ತೆ ತಿರುವಿದರು. ಸುತ್ತಿ ಸುತ್ತಿ ಮುರಿಗೆ ಬಿತ್ತು. ಆಕೆ ದಾರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ಎಡಗೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಎಡಹುರಿ! ಯವ್ವಾ, ಇಕಿ ಎಡಹುರಿ ಹಾಕ್ಯಾಳ ಬೇ ಶಿವದಾರಕ್ಕ! ಎಡಗೈಲೆ ಹೊಸದಾಳ, ಎಡಕ್ಕ ಗಂಟ ಎದ್ದೈತಿ. ಇನ್ನೇನ ಬೇಕು?"

ನಾನು ಸೌಟನ್ನು ಬಲಗೈಗೆ ಬದಲಿಸಿದೆ. ಅತ್ತೆ ಮಾತ್ರ ತಲೆಯ ಮೇಲಿನ ಒದ್ದೆ ಅರಿವೆಯನ್ನು ಬಿಚ್ಚಿ ಕೂದಲು ಝಾಡಿಸುತ್ತಾ ಹೇಳಿದರು.

"ಎಡಗೈಯಾಕಿ ಅಂತ ಹೆಣ್ಣ ನೋಡಾಕ ಹೋದಾಗಽ ನೋಡೇನಿ. ಸೆರಗಿನಾಗ ಕೈ ಮುಚಗೊಂಡ ಕುಂತಾಕಿ, ಕೆನ್ನಿಮ್ಯಾಲ ನೊಣ ಕುಂತ ಕೂಡ್ಲೆ ಎಡಗೈಲೆ ಫಟ್ ಅಂತ ಹೊಡದ್ಲು."

"ಗೊತ್ತಿದ್ದೂ ಹಾಕ್ಕೊಂಡಿಯೇನ ಬೇ?"

"ಲಿಂಗಾ ಯಾವ ಕೈಯಾಗ ಇಟಗೊಂಡ ಪೂಜಿ ಮಾಡತಿ ನೀ?"

"ಎಡಗೈಯಾಗ."

"ಮತ್ತ? ಎಡಗೈ ಕೆಟ್ಟದಾದ್ರ ನಾಳಿಂದ ಮೊಳಕಾಲಮ್ಯಾಲ ಇಟಗೊಂಡ ಮಾಡು."

ನಾದಿನಿ ಬಾಯಿ ಮುಚ್ಚಿದರು. ಮನಸ್ಸು ಮುಚ್ಚಲಿಲ್ಲ. ಸುಣ್ಣ ಬೆಲ್ಲ ಕಲಸಿ ಗಂಟಿಗೆ ಹಚ್ಚಿದರು. ಕಾಸಿದ ಕಬ್ಬಿಣದಿಂದ ಚುಟಿಗೆ ಹಾಕಿಸೋಣ ಎಂದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅತ್ತೆಯ ಕೊರಳನ್ನೂ ನನ್ನ ಕೈಯನ್ನೂ ನೋಡಿ ಹೋದರು. ಅತ್ತೆಯ ತಾಟನ್ನು ಮಾತ್ರ ಯಾರೂ ನೋಡಲಿಲ್ಲ. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಇಳಿದು, ಆಗ ಅರ್ಧಕ್ಕೆ ಬಂದಿದ್ದರು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ನಿನ್ನ ರೊಟ್ಟಿ ಚಪ್ಪಲಿ ಆಗಿದೆ ಎಂದು ಬೈಯುತ್ತಿದ್ದರು. ನಾನು ದಿನದಿನಕ್ಕೂ ರೊಟ್ಟಿಯನ್ನು ತೆಳ್ಳಗೆ ಮಾಡುತ್ತಾ ಹೋದೆ, ಹಾಲಿನಲ್ಲಿ ನೆನೆಸಿಟ್ಟೆ. ರೊಟ್ಟಿಯದೇ ತಪ್ಪು ಅಂತ ನಾನೂ ನಂಬಿದ್ದೆ. ಹೊಟ್ಟೆಯ ಬೇನೆ ಕೊರಳಲ್ಲಿ ಬಂದು ಕೂರುತ್ತದೆ ಎಂದು ಯಾರಿಗೆ ಹೊಳೆಯಬೇಕು?

ನಾದಿನಿ ತಮ್ಮನನ್ನು ಹಿತ್ತಲಿಗೆ ಕರೆದು ಹೇಳಿದ್ದು ಇಷ್ಟು. ಪಂಚಮಿಗೆ ಇವಳ ಅಣ್ಣ ಕರೆಯಲು ಬರುತ್ತಾನೆ. ಸುಮ್ಮನೆ ಕಳಿಸಿಬಿಡು. ತಿರುಗಿ ಕರೆತರಲು ಹೋಗಬೇಡ. ಇನ್ನೂ ಮಕ್ಕಳಾಗಿಲ್ಲ, ವರ್ಷ ಕಳೆದ ಮೇಲೆ ಬೇರೆ ನೋಡಿದರಾಯಿತು. ಇದು ನನಗೆ ಆಗ ತಿಳಿದಿರಲಿಲ್ಲ. ನಾನು ಹೊಸ ಇಳಕಲ್ಲ ಸೀರೆಯನ್ನು ಗಂಟು ಕಟ್ಟಿಕೊಂಡು, ಅಣ್ಣನ ಚಕ್ಕಡಿಯ ಗೆಜ್ಜೆ ಯಾವಾಗ ಕೇಳೀತು ಎಂದು ಕಿವಿಗೊಟ್ಟು ಕೂತಿದ್ದೆ.

ಅಣ್ಣ ಬಂದ. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದರು.

"ಅತ್ತಿಯಾರ, ಅವ್ವ ಉಂಡಿ ಕಟ್ಟಿ ಹಾದಿ ನೋಡಾಕ ಹತ್ಯಾಳ. ತಂಗೀನ ಕಳಸ್ರಿ."

"ಉಂಡಿ ಇಲ್ಲಿಗೆ ಕಳಸ್ರಿ. ನಮಗೂ ಹಲ್ಲ ಅದಾವು."

"ಹಂಗಲ್ರಿ, ನಾಕ ದಿನ ಅಷ್ಟ."

"ನಾಕ ತಾಸೂ ಇಲ್ಲ. ನನ್ನ ಮೈಯಾಗ ಆರಾಮಿಲ್ಲ. ನನ್ನ ಸೇವಾ ಯಾರ ಮಾಡಬೇಕು, ನೀ ಮಾಡತೀ ಏನಪಾ?"

ನಾದಿನಿ ಒಳಗಿನಿಂದ ಓಡಿಬಂದರು. "ನಾ ಇದ್ದೇನಲ್ಲ ಬೇ! ಹಬ್ಬಕ್ಕ ಹೆಣ್ಣಮಗಳನ್ನ ತಡದ್ರ ಮಂದಿ ಏನಂದಾರು? ಹೋಗಲಿ ಬಿಡು."

"ನೀ ಹಬ್ಬ ಮುಗದಮ್ಯಾಲ ಹೋಗಾಕಿ. ಇಕಿ ಇರಾಕಿ," ಎಂದು ಅತ್ತೆ ಅಣ್ಣನ ಕಡೆ ತಿರುಗಿದರು. "ಉಂಡ ಹೋಗು. ಇಕಿ ರೊಟ್ಟಿ ಚಪ್ಪಲಿ ಆಗ್ಯಾವು, ನಿಮ್ಮವ್ವ ಕಲಿಸಿದ್ದು. ನೀನಽ ತಿನ್ನು."

ಅಣ್ಣ ಮುಖ ಸಣ್ಣದು ಮಾಡಿಕೊಂಡು ಒಬ್ಬನೇ ಹೋದ. ನಾನು ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ತಾಟನ್ನು ಅವರ ಮುಂದೆ ಸಪ್ಪಳವಾಗುವ ಹಾಗೆ ಇಡುತ್ತಿದ್ದೆ. ಪಂಚಮಿಯ ಜೋಕಾಲಿಗೆ ಓಣಿಯ ಹುಡುಗಿಯರು ಕರೆದರೂ ಹೋಗಲಿಲ್ಲ. ಇಂಥ ಕಲ್ಲೆದೆಯ ಅತ್ತೆ ವೈರಿಗೂ ಬೇಡ ಅಂದುಕೊಂಡೆ. ನಾದಿನಿ ರಾಮದುರ್ಗಕ್ಕೆ ಹೋದ ಮೇಲೆ ನನ್ನ ಗಂಡ ಆ ಹಿತ್ತಲಿನ ಮಾತನ್ನು ಹೇಳಿದರು. ಅವರು ನೇರವಾಗಿ ಹೇಳಿದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ಹಿತ್ತಲಲ್ಲಿ ಆಡಿದ್ದು ಬಚ್ಚಲಲ್ಲಿದ್ದ ಅತ್ತೆಯ ಕಿವಿಗೆ ಬಿದ್ದಿತ್ತಂತೆ.

ನಾನು ಹೋಗಿ ಅತ್ತೆಯ ಕಾಲು ಒತ್ತುತ್ತಾ ಕೂತೆ.

"ಈಗ ಮಾತ ಬಂತೇನ?" ಎಂದರು.

"ಬಂತ್ರಿ."

"ಬಂದ್ರ ಬಾಯಿ ಮುಚಗೊಂಡ ಒತ್ತು."

ಅಷ್ಟೇ. ಆ ವಿಷಯ ಆಮೇಲೆ ನಾವು ಎತ್ತಲೇ ಇಲ್ಲ.

ದೀಪಾವಳಿ ಹೊತ್ತಿಗೆ ಗಂಟು ದೊಡ್ಡದಾಯಿತು, ಅತ್ತೆ ಸಣ್ಣಗಾದರು. ಕುಪ್ಪಸದ ತೋಳು ಜೋತು ಬಿದ್ದವು. ಕೊನೆಗೆ ನನ್ನ ಗಂಡ ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ನಾದಿನಿ ತಾನೂ ಬರುವುದಾಗಿ ಹೇಳಿಕಳಿಸಿದರು. ಅತ್ತೆ ಒಪ್ಪಲಿಲ್ಲ, ಸೊಸೆ ಬಂದರೆ ಸಾಕು ಎಂದರು. ನೇಸರಗಿಯ ಮೇಲೆ ಹಾಯುವ ಬಸ್ಸಿನಲ್ಲಿ ಕೂತೆವು. ಧೂಳಿನಲ್ಲಿ ಮೂವರ ಹುಬ್ಬುಗಳೂ ಕೆಂಪಾದವು. ಬಸ್ಸು ಕುಲುಕಿದಾಗೆಲ್ಲ ಅತ್ತೆ ನನ್ನ ಮೇಲೆ ಬೀಳುತ್ತಿದ್ದರು. ಎಷ್ಟು ಹಗುರವಾಗಿದ್ದರೆಂದರೆ ಬಿದ್ದದ್ದು ಗೊತ್ತಾಗುತ್ತಿರಲಿಲ್ಲ. ಅವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು. ನನ್ನ ಸಲುವಾಗಿ ಅಲ್ಲ.

ಡಾಕ್ಟರು ಹೆಂಗಸು, ನಮ್ಮ ಮಾತಿನಲ್ಲಿ ಬಾಯಾರು, ಮೈಸೂರು ಕಡೆಯವರು. ಗಂಟನ್ನು ಮುಟ್ಟಿದರು. ಮುಟ್ಟಿದವರೇ ಕೊರಳನ್ನು ಬಿಟ್ಟು ಹೊಟ್ಟೆಗೆ ಕೈ ಹಚ್ಚಿದರು.

"ಊಟ ಹೇಗೆ ಮಾಡ್ತೀರಮ್ಮ?"

"ಉಣ್ಣಾಕ ಬಂದಿಲ್ಲ ಬಾಯಾರ. ಕೊರಳ ತೋರಸಾಕ ಬಂದೇನಿ."

ನಾನು ಮುಂದೆ ಬಂದು ಊಟದ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರು ಕೇಳುತ್ತಾ ಹೋದ ಹಾಗೆ ಅವರ ಮುಖ ಬಿಗಿಯಾಯಿತು. ಗಂಟಿನಿಂದ ಒಂದು ಚೂರು ಕೊಯ್ದು ತೆಗೆದು ಪರೀಕ್ಷೆ ಮಾಡಬೇಕು ಎಂದರು. ಅದಕ್ಕೆ ಕೊರಳು ಬರಿದಾಗಬೇಕು. ನರ್ಸು ಕತ್ತರಿ ತಂದು ದಾರಕ್ಕೆ ಹಚ್ಚಿದಳು. ಅತ್ತೆ ಅವಳ ಕೈ ಹಿಡಿದರು.

"ಏ ತಂಗಿ, ಕೊರಳ ಬೇಕಾದ್ರ ಕೊಯ್ಯಿ. ದಾರ ಮುಟ್ಟಬ್ಯಾಡ."

ಲಿಂಗ ಮೈಬಿಟ್ಟು ಹೋಗಬಾರದು, ಅದು ನಮ್ಮಲ್ಲಿ ಜೀವಕ್ಕಿಂತ ಹೆಚ್ಚಿನ ಮಾತು. ನರ್ಸು ಡಾಕ್ಟರನ್ನು ನೋಡಿದಳು. ಡಾಕ್ಟರು ಅತ್ತೆಯನ್ನು ನೋಡಿದರು. ಆಮೇಲೆ ಅತ್ತೆಯೇ ದಾರವನ್ನು ತಲೆಯ ಮೇಲಿಂದ ತೆಗೆದು, ಲಿಂಗವನ್ನು ಎಡಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿದರು. ಕೊಯ್ಯುವಾಗ ಅವರ ಎಡಗೈಯ ಗಿಣ್ಣುಗಳು ಬೆಳ್ಳಗಾದದ್ದನ್ನು ನಾನು ನೋಡಿದೆ. ಕೊರಳಿಗೆ ಪಟ್ಟಿ ಹಾಕಿದ ಮೇಲೆ ದಾರ ಅಲ್ಲಿ ಒಗ್ಗುವಂತಿರಲಿಲ್ಲ. ಅವರು ರಟ್ಟೆ ಮುಂದೆ ಮಾಡಿದರು. ನಾನು ಅದೇ ದಾರವನ್ನು ರಟ್ಟೆಗೆ ಸುತ್ತಿ ಕರಡಿಗೆ ಕಟ್ಟಿದೆ.

ಪರೀಕ್ಷೆಯ ಸುದ್ದಿ ಬರುವ ತನಕ ಧರ್ಮಶಾಲೆಯಲ್ಲಿ ಉಳಿದೆವು. ಸುದ್ದಿ ಬಂದ ದಿನ ಡಾಕ್ಟರು ನನ್ನ ಗಂಡನನ್ನು ಒಬ್ಬರನ್ನೇ ಒಳಗೆ ಕರೆದರು. ಅತ್ತೆ ಎದ್ದು ಹಿಂದೆಯೇ ಹೋದರು, ನಾನು ಅವರ ಹಿಂದೆ.

"ನನ್ನ ಹೊಟ್ಟಿ ಸುದ್ದಿ ನನಗ ಹೇಳ್ರಿ. ಅವಂಗ ಹೇಳಿದ್ರ ಅಂವ ಮನೀಗೆ ಮುಟ್ಟೂದ್ರಾಗ ಅರ್ಧ ಮರೀತಾನ."

ಡಾಕ್ಟರು ಹೇಳಿದರು. ಹೊಟ್ಟೆಯ ಒಳಗೆ ಕ್ಯಾನ್ಸರ್ ಇದೆ. ಅಲ್ಲಿಂದ ಕೊರಳಿಗೆ ಬಂದಿದೆ. ಇಷ್ಟು ದೂರ ಬಂದ ಮೇಲೆ ಕೊಯ್ದು ತೆಗೆಯಲಾಗುವುದಿಲ್ಲ. ನೋವಿಗೆ ಔಷಧ ಕೊಡಬಹುದು, ಅಷ್ಟೇ. ನನ್ನ ಗಂಡ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡರು.

ಇನ್ನೆಷ್ಟು ದಿನ ಎಂದು ಅತ್ತೆ ಕೇಳುತ್ತಾರೆ ಅಂದುಕೊಂಡೆ. ಯಾರಾದರೂ ಅದನ್ನೇ ಕೇಳುವುದು. ಅತ್ತೆ ಕೇಳಲಿಲ್ಲ.

"ಬಾಯಾರ, ಒಂದ ಮಾತ ಹೇಳ್ರಿ. ಎಡಕ್ಕ ಯಾಕ ಬಂತು?"

ಡಾಕ್ಟರಿಗೆ ತಿಳಿಯಲಿಲ್ಲ. "ಏನಮ್ಮ?"

"ಕೊರಳ ಎರಡೂ ಕಡೆ ಐತಿ. ಬಲಕ್ಕ ಬಿಟ್ಟ ಎಡಕ್ಕಽ ಯಾಕ ಬಂತು? ಏನರ ಒತ್ತಿದ್ದಕ್ಕ ಬಂತೇನು? ದಾರದ್ದು, ಮತ್ತೊಂದರದ್ದು?"

"ಇಲ್ಲಮ್ಮ. ಹೊಟ್ಟೆಯಿಂದ ಮೇಲಕ್ಕೆ ಹೋಗೋ ಒಂದು ಸಣ್ಣ ನಾಳ ಇರುತ್ತೆ. ಅದು ಹೋಗಿ ಸೇರೋದೇ ಎಡಗಡೆ ಕೊರಳ ಬುಡಕ್ಕೆ. ಹೊಟ್ಟೆಯ ಕ್ಯಾನ್ಸರ್ ಕೊರಳಿಗೆ ಬಂದರೆ ಸಾಮಾನ್ಯವಾಗಿ ಎಡಕ್ಕೇ ಬರುತ್ತೆ. ದಾರ ಹಾಕದವರಿಗೂ ಅಲ್ಲೇ ಬರುತ್ತೆ."

ಅತ್ತೆ ಮಗನ ಭುಜ ಹಿಡಿದು ಅಲುಗಿಸಿದರು. "ಕೇಳಿದೇನು? ಇನ್ನೊಮ್ಮೆ ಹೇಳ್ರಿ ಬಾಯಾರ, ಇಂವ ಕೇಳಲಿ."

ಡಾಕ್ಟರು ಇನ್ನೊಮ್ಮೆ ಹೇಳಿದರು. ತನ್ನ ಸಾವಿನ ಸುದ್ದಿ ಕೇಳಿದ ಕೋಣೆಯಲ್ಲಿ ಆ ಹೆಂಗಸು ಕೇಳಿದ ಒಂದೇ ಒಂದು ಪ್ರಶ್ನೆ ನನ್ನ ಸಲುವಾಗಿ. ನಾನು ಅಳುವವಳಲ್ಲ. ಅವತ್ತು ದವಾಖಾನೆಯ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡೆ, ಬಹಳ ಹೊತ್ತು ತೊಳೆದುಕೊಂಡೆ.

ನನ್ನ ಗಂಡ ರಾಮದುರ್ಗಕ್ಕೆ ಹೋಗಿ ಅಕ್ಕನಿಗೆ ಎಲ್ಲ ತಿಳಿಸಿ ಬಂದರು. ಆಕೆ ನಂಬಲಿಲ್ಲ. "ಹೊಟ್ಟಿ ಎಲ್ಲಿ, ಕೊರಳ ಎಲ್ಲಿ! ಡಾಕ್ಟರಿಗೇನು, ಕೊಯ್ಯಾಕ ಒಂದ ನೆವಾ ಬೇಕು," ಎಂದರಂತೆ. ಆಕೆಯನ್ನು ಬೈದು ಏನು ಮಾಡುವುದು? ಅವ್ವ ಸಾಯುತ್ತಾಳೆ ಅಂತ ಒಪ್ಪಿಕೊಳ್ಳುವುದಕ್ಕಿಂತ ದಾರ ಕೆಟ್ಟದ್ದು ಅನ್ನುವುದು ಸುಲಭ. ದಾರವಾದರೆ ಬದಲಿಸಬಹುದು.

ಸಂಕ್ರಾಂತಿ ದಾಟಿದ ಮೇಲೆ ಅತ್ತೆ ಹಾಸಿಗೆ ಬಿಟ್ಟೇಳಲಿಲ್ಲ. ಗಂಜಿಯ ತಿಳಿ ಎರಡು ಚಮಚ ಒಳಗೆ ಹೋದರೆ ಹಬ್ಬ. ನಾನು ಮೈ ಒರೆಸಿ ಸೀರೆ ಬದಲಿಸುವಾಗ ಒಂದು ದಿನ ಹೊಕ್ಕಳಿನಲ್ಲಿ ಕೈಗೆ ಏನೋ ಹತ್ತಿತು. ಗಟ್ಟಿ ಗಂಟು, ಕೊರಳಲ್ಲಿದ್ದಂಥದ್ದೇ. ನಾನು ಕೈ ತೆಗೆದೆ. ಅತ್ತೆ ತಾವೇ ಮುಟ್ಟಿ ನೋಡಿಕೊಂಡರು. ಆಮೇಲೆ ನಕ್ಕರು, ಆಣೆ ಮಾಡಿ ಹೇಳುತ್ತೇನೆ, ನಕ್ಕರು.

"ರಾಮದುರ್ಗದಾಕಿನ್ನ ಕರಸು."

ನಾದಿನಿ ಬಂದರು. ಅತ್ತೆ ಆಕೆಯ ಕೈಯನ್ನು ಎಳೆದು ತಮ್ಮ ಹೊಕ್ಕಳಿನ ಮೇಲೆ ಇಟ್ಟುಕೊಂಡರು. ದನಿ ಆಗ ಬಹಳ ಸಣ್ಣದಾಗಿತ್ತು, ಬಗ್ಗಿ ಕೇಳಬೇಕು.

"ಹತ್ತಿತೇನ ಕೈಗೆ?"

"ಹತ್ತಿತ ಬೇ."

"ಲಿಂಗ ಹೊಕ್ಕಳ ಕೆಳಗ ಇಳಿಯಬಾರ್ದು ಅಂತ ದಾರ ಎಷ್ಟ ಮ್ಯಾಲ ಕಟ್ಟತೀವಿ ನಾವು? ಇಲ್ಲಿ ಯಾವ ದಾರ ಐತಿ, ತೋರಸು ನನಗ."

ನಾದಿನಿ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಅವ್ವನ ಹೊಟ್ಟೆಯ ಮೇಲೆ ಹಾಗೇ ತಲೆ ಇಟ್ಟರು. ಅತ್ತೆ ಮಗಳ ಕೂದಲಲ್ಲಿ ಬೆರಳು ಆಡಿಸುತ್ತಾ, "ಹುಚ್ಚಿ, ಹೇನ ಆಗ್ಯಾವು ತಲಿಯಾಗ," ಎಂದರು. ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ತಾಯಿ ಮಗಳ ನಡುವೆ ಸೊಸೆಗೆ ಏನು ಕೆಲಸ?

ಅತ್ತೆ ತೀರಿಕೊಂಡದ್ದು ಶಿವರಾತ್ರಿಗೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ. ನಾನು ತುಟಿಗೆ ನೀರು ಹಚ್ಚುತ್ತಿದ್ದೆ. ಅದಕ್ಕೂ ಮುಂಚೆ ಅವರು ನನಗೆ ಆಡಿದ ಕೊನೆಯ ಮಾತು ಆಶೀರ್ವಾದವಲ್ಲ. "ಹೊಲದಾಗ ಕುಸುಬಿ ಬಲತೈತಿ. ಇವ ಗೊತ್ತಿಲ್ದಾವ, ನೀ ನೋಡು," ಎಂದಿದ್ದರು. ಇವ ಅಂದರೆ ಮಗ. ಅವರು ಕೊಟ್ಟ ಎರಡನೆಯ ಹೊಗಳಿಕೆ ಅದು. ಮರುದಿನ ನಮ್ಮ ಪದ್ಧತಿಯಂತೆ ಕೂಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಹೊಲದಲ್ಲಿ ಮಾವನ ಪಕ್ಕ ಸಮಾಧಿ ಮಾಡಿದರು. ಆ ಹೊತ್ತಿಗೆ ನಾದಿನಿ ನನ್ನ ಕೈಯನ್ನು ಹಿಡಿದುಕೊಂಡೇ ಇದ್ದರು. ಯಾವ ಕೈ ಅಂತ ಇಬ್ಬರಿಗೂ ಖಬರಿರಲಿಲ್ಲ.

ಆದರೂ ಸಂಜೆ ಮನೆಗೆ ಬಂದ ಮೇಲೆ ಆಕೆ ನನ್ನ ಅಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮಣ್ಣಿಗೆಂದು ಮನೋಳಿಯಿಂದ ಬಂದಿದ್ದ ಅಣ್ಣ ಚಕ್ಕಡಿಯ ಹತ್ತಿರ ನಿಂತಿದ್ದ.

"ತಂಗೀನ ಮುಂಜಾನೆ ಕರಕೊಂಡ ಹೋಗ್ರಿ. ಸಣ್ಣ ಹುಡುಗಿ, ಹಿರೇರಿಲ್ಲದ ಮನಿಯಾಗ ಏನ ಮಾಡ್ಯಾಳು? ನಾಕ ತಿಂಗಳ ಅಲ್ಲೇ ಇರಲಿ. ಮುಂದಿಂದ ಮುಂದ ನೋಡೂಣು."

ಅದು ಕರುಣೆಯ ಮಾತೋ, ಹಳೆಯ ಹಿತ್ತಲಿನ ಮಾತೋ ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ. ನನ್ನ ಗಂಡ ಕಂಬಕ್ಕೆ ಒರಗಿ ಕೂತಿದ್ದರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರಿಂದ ಏನೂ ಹೊರಡುವುದಿಲ್ಲ ಅಂತ ಖಾತ್ರಿಯಾಯಿತು. ಈಗ ನನ್ನ ಪರವಾಗಿ ಬಾಯಿ ಮಾಡುವವರು ಮಣ್ಣಿನಲ್ಲಿದ್ದರು.

ಮರುದಿನ ಮುಂಜಾನೆ ಮಸುಕು ಇರುವಾಗಲೇ ಎದ್ದೆ. ಕುಸುಬಿ ಎಣ್ಣೆಕಾಳಿನ ಬೆಳೆ, ಮುಳ್ಳಿನ ಗಿಡ. ಇಬ್ಬನಿ ಇರುವ ತನಕ ಮುಳ್ಳು ಮೆತ್ತಗಿರುತ್ತದೆ. ಬಿಸಿಲೇರಿತೆಂದರೆ ಮುಟ್ಟಲು ಬಿಡುವುದಿಲ್ಲ, ಕಾಳೂ ಉದುರಿ ನೆಲಕ್ಕೆ ಹೋಗುತ್ತದೆ. ಆಳುಗಳು ಇವತ್ತು ಬರುವುದಿಲ್ಲ, ಸಾವಿನ ಮನೆ ಅಂತ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಹೇಳುವುದನ್ನು ಕೇಳಿದ್ದೆ. ಹಳೆಯ ಧೋತರದ ತುಂಡು ಹರಿದು ಎರಡೂ ಕೈಗೆ ಸುತ್ತಿಕೊಂಡು, ಬಾಗಿಲು ಸಪ್ಪಳ ಮಾಡದೆ ತೆಗೆದು, ಹೊಲಕ್ಕೆ ಹೋದೆ. ಮೊದಲನೆಯ ಸಾಲು ಹಿಡಿದು ಕೀಳಲು ಶುರು ಮಾಡಿದೆ.

ಸೂರ್ಯ ಹುಟ್ಟುವ ಹೊತ್ತಿಗೆ ಬದುವಿನ ಮೇಲೆ ಅಣ್ಣ ಬಂದು ನಿಂತ. ಅವನ ಹಿಂದೆ ನಾದಿನಿ.

"ಚಕ್ಕಡಿ ಹೂಡೇನಿ. ಬರ್ತೀ?" ಎಂದ.

"ಅವ್ವಗ ಹೇಳು, ಸುಗ್ಗಿ ಮುಗದಮ್ಯಾಲ ಬರತೇನಿ, ಎರಡ ದಿನ ಇದ್ದ ಹೊಳ್ಳಿ ಬರತೇನಿ ಅಂತ. ಉಂಡಿ ಮಾಡಿದ್ರ ಇಲ್ಲಿಗೆ ಕಳಸು."

ಅಣ್ಣ ನಾದಿನಿಯ ಮುಖ ನೋಡಿದ. ಆಕೆ ಕುಸುಬಿಯ ಸಾಲು ನೋಡುತ್ತಿದ್ದರು. ಅವನು ರುಮಾಲಿನಿಂದ ಮೂಗು ಒರೆಸಿಕೊಂಡು ತಿರುಗಿ ಹೋದ. ನಾದಿನಿ ಅಲ್ಲೇ ನಿಂತರು. ಅತ್ತು ಅತ್ತು ಕಣ್ಣು ಬಾತಿದ್ದವು, ಸೆರಗು ಬದುವಿನ ಹುಲ್ಲಿನಲ್ಲಿ ಒದ್ದೆಯಾಗುತ್ತಿತ್ತು. ನಾನು ಬಲಗೈಗೆ ಸುತ್ತಿದ್ದ ಅರಿವೆಯನ್ನು ಬಿಚ್ಚಿ ಆಕೆಯ ಕಡೆ ಚಾಚಿದೆ.

"ಅಕ್ಕಾರ, ನಿಂತೇನ ಮಾಡ್ತೀರಿ? ಬರ್ರಿ. ಕೈಗೆ ಇದನ್ನ ಸುತಗೋರಿ, ಬಿಸಿಲ ಬರಾಕ ಹತ್ತೈತಿ."

ಆಕೆ ಇಳಿದು ಬಂದು ಪಕ್ಕದ ಸಾಲು ಹಿಡಿದರು. ನಾನು ಎಡಗೈಯಿಂದ ಮುಂದಿನ ಗಿಡ ಕಿತ್ತೆ.